ವಿದ್ಯೆಯ ಋಣ ಯಾರ ಖಾತೆಗೆ?

ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿ ಕೈಬಿಟ್ಟು ಹೋದ ಹಣಕ್ಕೆ ಮೂರು ಸ್ಥಾನಗಳುಂಟು. ಹಿಂದಕ್ಕೆ ಬರತಕ್ಕದ್ದು ಸಾಲದ ಖಾತೆಗೆ ಸೇರುತ್ತದೆ. ಪ್ರತಿಯಾಗಿ ದುಡಿಮೆಯನ್ನು ತರತಕ್ಕದ್ದು ಸಂಬಳದ ಖಾತೆಗೆ. ಏನನ್ನೂ ತರಬೇಕಾಗಿಲ್ಲದ್ದು ಧರ್ಮದ ಖಾತೆಗೆ. ಸಂಜೆ ಅಂಗಡಿಯ ಬಾಗಿಲು ಹಾಕುವ ಮುನ್ನ ಯಾವ ಮೊತ್ತ ಎಲ್ಲಿ ಸೇರಿತೆಂಬುದರಲ್ಲಿ ಗುಮಾಸ್ತನಿಗೆ ಸಂದೇಹ ಉಳಿಯಬಾರದು. ಆದರೆ ಒಂದು ಬಗೆಯ ಹಣ ಈ ಮೂರರಲ್ಲಿ ಯಾವುದಕ್ಕೂ ಸಲೀಸಾಗಿ ಸೇರುವುದಿಲ್ಲ. ಬಡತನದಲ್ಲಿ, ಅಥವಾ ಜಾತಿ ಜನಾಂಗಗಳ ಕಾರಣದಿಂದ ಕೆಳಗೆ ತುಳಿಯಲ್ಪಟ್ಟ ಸಮುದಾಯದಲ್ಲಿ, ಹುಟ್ಟಿದ ಬುದ್ಧಿವಂತನೊಬ್ಬನನ್ನು ಆರಿಸಿ, ನಾಳೆ ನಿನ್ನ ಜನರಿಗೆ ನೀನು ನಾಯಕನಾಗಬೇಕೆಂದು ಹೇಳಿ, ಉಚ್ಚ ವ್ಯಾಸಂಗಕ್ಕಾಗಿ ಪರದೇಶಕ್ಕೆ ಕಳುಹಿಸುವ ವಿದ್ಯಾರ್ಥಿವೇತನದ ಹಣವದು. ಅದು ದಾನವಾದರೆ ಷರತ್ತೇಕೆ? ಸಾಲವಾದರೆ ವಸೂಲಿ ಯಾವ ನಾಣ್ಯದಲ್ಲಿ? ಸಂಬಳವಾದರೆ ದುಡಿಮೆ ಯಾರ ಮನೆಯಲ್ಲಿ?

ಇಂಥ ವೇತನಗಳು ಈಗ ಹಲವಾಗಿವೆ. ಅಮೆರಿಕದ ಫೋರ್ಡ್ ಪ್ರತಿಷ್ಠಾನವು 2000ದಲ್ಲಿ 28 ಕೋಟಿ ಡಾಲರುಗಳನ್ನು ಇದಕ್ಕೆಂದೇ ತೆಗೆದಿರಿಸಿ, 2001ರಿಂದ 2013ರವರೆಗೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ ಮತ್ತು ರಷ್ಯಗಳ 22 ನಾಡುಗಳಿಂದ 4,300ಕ್ಕೂ ಹೆಚ್ಚು ಮಂದಿಯನ್ನು ಸ್ನಾತಕೋತ್ತರ ವ್ಯಾಸಂಗಕ್ಕೆ ಕಳುಹಿಸಿತು. ಭಾರತ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು 1950ರ ದಶಕದಿಂದಲೂ ನಡೆದುಬಂದಿದೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವೇತನವು ಹಿಂದುಳಿದವರಿಗೇ ಮೀಸಲಾದುದಲ್ಲವಾದರೂ ಭಾವೀ ನಾಯಕರನ್ನು ಅರಸುವಂಥದು. ಅದನ್ನು ಪಡೆದವರು ವ್ಯಾಸಂಗದ ನಂತರ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ನಿಯಮವುಂಟು. ಷರತ್ತಿನ ರೂಪ ಬೇರೆ ಬೇರೆಯಾದರೂ ಅದರ ಹಿಂದಿನ ನಿರೀಕ್ಷೆ ಒಂದೇ: ಹೋದವನು ಬರಬೇಕು, ಬಂದವನು ದುಡಿಯಬೇಕು. ಈ ನಿರೀಕ್ಷೆ ಸಹಜವಾಗಿ ಕಾಣುತ್ತದೆ. ಅದು ನ್ಯಾಯವೂ ಹೌದೇ ಎಂಬುದನ್ನು ವಿಚಾರಿಸಲು ಒಂದು ಹಳೆಯ ಮುಚ್ಚಳಿಕೆಯಿಂದ ಆರಂಭಿಸುವುದು ಉಚಿತ.

1913ನೆಯ ಇಸವಿ ಜೂನ್ ತಿಂಗಳಲ್ಲಿ ಬರೋಡಾ ಸಂಸ್ಥಾನದ ಅಧಿಕಾರಿಗಳ ಮುಂದೆ ಇಪ್ಪತ್ತೆರಡು ವರ್ಷದ ತರುಣನೊಬ್ಬನು ಕರಾರುಪತ್ರಕ್ಕೆ ರುಜು ಹಾಕಿದನು. ಹೆಸರು ಭೀಮರಾವ್ ರಾಮ್‌ಜಿ ಅಂಬೇಡ್ಕರ್. ತಂದೆ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು. ಮಹಾರಾಜ ಸಯಾಜಿರಾವ್ ಗಾಯಕವಾಡರು ಆತನಿಗೆ ಮೂರು ವರ್ಷಗಳ ಕಾಲ ತಿಂಗಳಿಗೆ ಹನ್ನೊಂದೂವರೆ ಪೌಂಡುಗಳಂತೆ ಕೊಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಲು ಒಪ್ಪಿದ್ದರು. ಪ್ರತಿಯಾಗಿ ಆತನು ವ್ಯಾಸಂಗ ಮುಗಿಸಿ ಬಂದು ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡಬೇಕು. ಮಹಾರಾಜರ ಸದುದ್ದೇಶದಲ್ಲಿ ಶಂಕೆಗೆ ಆಸ್ಪದವಿಲ್ಲ. 1906ರಲ್ಲಿ ತಮ್ಮ ರಾಜ್ಯದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದ ಅರಸರವರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಈ ತರುಣ ಬಿ.ಎ. ಓದುವಾಗಲೂ ತಿಂಗಳಿಗೆ ಇಪ್ಪತ್ತೈದು ರೂಪಾಯಿ ಕೊಟ್ಟವರು.

ಅಂಬೇಡ್ಕರರು ಕೊಟ್ಟ ಹಣಕ್ಕೆ ಮೋಸ ಮಾಡಲಿಲ್ಲ. 1915ರಲ್ಲಿ ಎಂ.ಎ. ಪಡೆದರು, 1916ರ ಮೇ ತಿಂಗಳಲ್ಲಿ ಭಾರತದ ಜಾತಿಗಳ ಉಗಮವನ್ನು ಕುರಿತ ಪ್ರಬಂಧವನ್ನು ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಓದಿದರು, ಅಲ್ಲಿಂದ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರ ಮತ್ತು ನ್ಯಾಯಶಾಸ್ತ್ರಗಳ ಅಭ್ಯಾಸಕ್ಕೆ ತೊಡಗಿದರು. ವೇತನದ ಅವಧಿ ಮುಗಿಯಲು ಓದನ್ನು ಅರ್ಧಕ್ಕೆ ಬಿಟ್ಟು 1917ರ ಆಗಸ್ಟಿನಲ್ಲಿ ಮುಂಬಯಿಗೆ ಮರಳಿದರು. ಮುಚ್ಚಳಿಕೆಯ ಮಾತಿನಂತೆ ಸೆಪ್ಟೆಂಬರಿನಲ್ಲಿ ಬರೋಡಾಕ್ಕೆ ಹೋದರು.

ಮುಂದಿನದನ್ನು ಅವರೇ ತಮ್ಮ ಆತ್ಮಕಥನದ ಕಿರು ಬರಹವೊಂದರಲ್ಲಿ ದಾಖಲಿಸಿದ್ದಾರೆ. ರೈಲು ನಿಲ್ದಾಣದಲ್ಲಿ ಇಳಿದಾಗ ಅವರಿಗೆದುರಾದ ಮೊದಲನೆಯ ಪ್ರಶ್ನೆ ರಾಜ್ಯದ ಹಣಕಾಸಿನದಲ್ಲ, ರಾತ್ರಿ ಮಲಗುವುದೆಲ್ಲಿ ಎಂಬುದು. ಹಿಂದೂ ವಸತಿಗೃಹಗಳು ಅಸ್ಪೃಶ್ಯನಿಗೆ ತೆರೆಯಲಾರವು. ಪಾರಸಿಗಳ ವಸತಿಗೃಹವೊಂದರಲ್ಲಿ, ದಿನಕ್ಕೆ ಒಂದೂವರೆ ರೂಪಾಯಿ ಬಾಡಿಗೆಗೆ, ಪಾರಸಿ ಹೆಸರನ್ನು ಬರೆಯಿಸಿ, ದೀಪವಿಲ್ಲದ ಮೇಲಂತಸ್ತಿನಲ್ಲಿ ಒಬ್ಬರೇ ದಿನ ಕಳೆದರು. ಸಂಸ್ಥಾನದ ಬಂಗಲೆಯೊಂದನ್ನು ಕೊಡಬೇಕೆಂದು ಮಾಡಿಕೊಂಡ ಮನವಿ ಕಡತಗಳಲ್ಲಿ ಮುಂದೆ ಮುಂದೆ ಹೋಗುತ್ತಿತ್ತು. ಹನ್ನೊಂದನೆಯ ದಿನ ಬೆಳಿಗ್ಗೆ, ಅವರು ಕಚೇರಿಗೆ ಹೊರಡುವ ವೇಳೆಗೆ, ದೊಣ್ಣೆ ಹಿಡಿದ ಹನ್ನೆರಡು ಮಂದಿ ಪಾರಸಿಗಳು ಬಂದು, ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ತಾಕೀತು ಮಾಡಿದರು. ಇಬ್ಬರು ಮಿತ್ರರನ್ನು ಕೇಳಿದರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ. ಇಬ್ಬರೂ ಸೌಜನ್ಯದಿಂದಲೇ ನುಣುಚಿಕೊಂಡರು. ರಾತ್ರಿಯ ರೈಲಿನ ತನಕ ಕಾಮಾಠಿ ಬಾಗ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಕುಳಿತಿದ್ದು, ಅವರು ಮುಂಬಯಿಗೆ ಹೊರಟುಹೋದರು.

ಹತ್ತು ವರ್ಷದ ಕರಾರು ಹನ್ನೊಂದು ದಿನಕ್ಕೆ ಮುರಿದು ಬಿತ್ತು.

ಇಲ್ಲಿ ಮಾತಿಗೆ ತಪ್ಪಿದವರು ಯಾರು? ಕಾಗದದ ಅಕ್ಷರವನ್ನೇ ಹಿಡಿದರೆ ಉತ್ತರ ಸುಲಭ. ರುಜು ಹಾಕಿದವರು ಹೊರಟುಹೋದರು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದನ್ನು ವ್ರತವೆಂದು ಬಗೆಯುವ ವಾಚಕರಿಗೆ ಈ ಪ್ರಶ್ನೆ ಹಗುರವಾದುದಲ್ಲ, ಆಗಲೂಬಾರದು. ಆದರೆ ವ್ಯವಹಾರ ತಿಳಿದವರಿಗೆ ಇನ್ನೊಂದು ಮಾತೂ ಗೊತ್ತು. ಸರಕು ತಂದುಕೊಡಬೇಕೆಂದು ಕರಾರು ಮಾಡಿಸಿಕೊಂಡವನು, ಗಾಡಿ ಬಾಗಿಲಿಗೆ ಬಂದಾಗ ಬೀಗ ತೆರೆಯದಿದ್ದರೆ, ತಪ್ಪು ಗಾಡಿಯವನದಲ್ಲ. ಪ್ರತಿಯೊಂದು ಕರಾರಿನಲ್ಲೂ ಬರೆಯದೆ ಬಿಟ್ಟ ಒಂದು ಷರತ್ತಿರುತ್ತದೆ: ನಾನು ಬರಲು ನೀನು ದಾರಿ ಬಿಡುವೆ ಎಂಬುದು. ವಸತಿಗೃಹದ ಪಾರಸಿಗಳು ಮಾಡಿದ ತಪ್ಪಿಗೆ ಮಹಾರಾಜರು ಹೊಣೆಯೇ ಎಂದು ಕೇಳಬಹುದು. ಪಾರಸಿಗಳ ದೊಣ್ಣೆಗೆ ಅವರು ಹೊಣೆಯಲ್ಲ. ಆದರೆ ಒಬ್ಬನನ್ನು ಮೂರು ಸಮುದ್ರಗಳ ಆಚೆ ಕಳುಹಿಸಿ ಓದಿಸುವ ಶಕ್ತಿಯುಳ್ಳ ರಾಜ್ಯವು, ತನ್ನದೇ ರಾಜಧಾನಿಯಲ್ಲಿ ಅವನಿಗೊಂದು ಕೋಣೆಯನ್ನು ಕೊಡಲಾರದೆ ಹೋಯಿತೆಂಬುದು ನಿಜ. ನ್ಯೂಯಾರ್ಕಿನ ಖರ್ಚನ್ನು ಲೆಕ್ಕ ಹಾಕಿದವರು ಬರೋಡಾದ ಖರ್ಚನ್ನು ಹಾಕಿರಲಿಲ್ಲ.

ಇದರಿಂದ ಗಾಯಕವಾಡರ ಉಪಕಾರ ಸಣ್ಣದಾಗುವುದಿಲ್ಲ. ಅವರ ಹಣವಿಲ್ಲದಿದ್ದರೆ ಕೊಲಂಬಿಯಾ ಇಲ್ಲ. ಇಷ್ಟು ಮಾತ್ರ: ಕೊಡುವವನ ಕರ್ತವ್ಯ ಕಳುಹಿಸುವಲ್ಲಿಗೆ ಮುಗಿಯುವುದಿಲ್ಲ.

ಇದು ಬರೋಡಾಕ್ಕೆ ಅಥವಾ ಅಸ್ಪೃಶ್ಯತೆಗೆ ಮಾತ್ರ ಸೇರಿದ ಮಾತಲ್ಲ. 1960ರಲ್ಲಿ ಪೂರ್ವ ಆಫ್ರಿಕದ ನೂರಾರು ತರುಣ ತರುಣಿಯರನ್ನು ವಿದ್ಯಾರ್ಥಿವೇತನಗಳ ಮೂಲಕ ಅಮೆರಿಕಕ್ಕೆ ಕೊಂಡೊಯ್ದರು. ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದ ನಾಡುಗಳಿಗೆ ವಿದ್ಯಾವಂತರು ಬೇಕಾಗಿದ್ದರು. ಅವರಲ್ಲಿ ಕೆನ್ಯಾದ ರೈತ ಕುಟುಂಬದ ವಂಗಾರಿ ಮಾತಾಯಿ ಒಬ್ಬರು. ಅವರು ಕ್ಯಾನ್ಸಸ್ ರಾಜ್ಯದಲ್ಲಿ ಪದವಿ ಪಡೆದು, ಪಿಟ್ಸ್‌ಬರ್ಗಿನಲ್ಲಿ ಜೀವಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ ಮುಗಿಸಿ, ನೈರೋಬಿಯ ವಿಶ್ವವಿದ್ಯಾನಿಲಯ ಕಾಲೇಜು ಕಳುಹಿಸಿದ್ದ ನೇಮಕದ ಪತ್ರವನ್ನು ನಂಬಿ 1966ರ ಜನವರಿಯಲ್ಲಿ ಊರಿಗೆ ಮರಳಿದರು. ಕೆಲಸಕ್ಕೆ ಹಾಜರಾಗಲು ಹೋದಾಗ ಆ ಸ್ಥಾನವನ್ನು ಬೇರೊಬ್ಬರಿಗೆ ಕೊಟ್ಟಾಗಿತ್ತು. ತಾವು ಹೆಣ್ಣೆಂಬುದೂ ಬೇರೆ ಬುಡಕಟ್ಟಿನವರೆಂಬುದೂ ಅದಕ್ಕೆ ಕಾರಣವೆಂದು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಕೊನೆಗೆ ಕೈಹಿಡಿದವರು ಪಶುವೈದ್ಯಕೀಯ ವಿಭಾಗದಲ್ಲಿದ್ದ ಒಬ್ಬ ಜರ್ಮನ್ ಪ್ರಾಧ್ಯಾಪಕರು. ಮಾತಾಯಿ 1977ರಲ್ಲಿ ಹಸಿರು ಪಟ್ಟಿಯ ಚಳವಳಿಯನ್ನು ಆರಂಭಿಸಿ, ಹಳ್ಳಿಯ ಹೆಂಗಸರಿಂದ ಗಿಡ ನೆಡಿಸಿ, 2004ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದರೆಂಬುದನ್ನು ಎಲ್ಲರೂ ಬಲ್ಲರು. ಆ ಬಾಗಿಲಲ್ಲಿ ನಿಂತು ಹತಾಶರಾಗಿ ಮತ್ತೆ ಅಮೆರಿಕದ ವಿಮಾನ ಹತ್ತಿದ್ದರೆ, ಓದಿ ಬಂದವರು ನಾಡನ್ನು ಮರೆತರೆಂದು ಹೇಳುವವರ ಪಟ್ಟಿಯಲ್ಲಿ ಅವರ ಹೆಸರೂ ಸೇರುತ್ತಿತ್ತು.

ಮುಚ್ಚಳಿಕೆಯ ಬದಲು ಸಾಲದ ದಾರಿಯನ್ನು ಹಿಡಿದವರೂ ಉಂಟು. ಜಮಶೇಟ್‌ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ನಿಧಿಯು ವಿದೇಶ ವ್ಯಾಸಂಗಕ್ಕೆ ಹಣವನ್ನು ಸಾಲವಾಗಿಯೇ ಕೊಡುತ್ತ ಬಂದಿದೆ. ಮೊದಲು ಹೋದವರಿಬ್ಬರೂ ಮಹಿಳೆಯರು, ವೈದ್ಯಕೀಯಕ್ಕಾಗಿ. ಅವರಲ್ಲೊಬ್ಬರು ಕೊಲ್ಹಾಪುರದ ಕೃಷ್ಣಾಬಾಯಿ ಕೇಳವಕರ್. ಕೇರಳದ ಉಳವೂರಿನ ಬಡ ದಲಿತ ಕುಟುಂಬದ ಕೆ. ಆರ್. ನಾರಾಯಣನ್ ಅವರೂ ಟಾಟಾ ಅವರ ನೆರವಿನಿಂದಲೇ 1940ರ ದಶಕದ ನಡುವೆ ಲಂಡನ್ನಿನಲ್ಲಿ ಓದಿ, 1948ರಲ್ಲಿ ಮರಳಿ, 1997ರಲ್ಲಿ ರಾಷ್ಟ್ರಪತಿಗಳಾದರು. ಸಾಲ ಎಂಬ ಶಬ್ದ ದಾನಕ್ಕಿಂತ ಕಠಿಣವಾಗಿ ಕೇಳಿಸುತ್ತದೆ. ಆದರೂ ಅದರಲ್ಲಿ ಒಂದು ಮರ್ಯಾದೆಯಿದೆ. ಸಾಲಗಾರನು ಅಸಲನ್ನು ತೀರಿಸಿದ ದಿನ ತಲೆಯೆತ್ತಿ ನಡೆಯಬಹುದು. ದಾನ ಪಡೆದವನಿಗೆ ಅಂಥ ಒಂದು ದಿನ ಗೊತ್ತಾಗಿ ಬರುವುದೇ ಇಲ್ಲ. ಕೊರತೆಯೆಂದರೆ, ಮನೆಯಲ್ಲಿ ಒತ್ತೆಯಿಡಲು ಏನೂ ಇಲ್ಲದವನು ಸಾಲದ ಹೆಸರು ಕೇಳಿಯೇ ಹಿಂದೆ ಸರಿಯುತ್ತಾನೆ. ತೀರಿಸುವ ಭಯ ಯಾರಿಗೆ ಇಲ್ಲವೋ ಅವರೇ ಮುಂದೆ ಬರುವರು.

ಫೋರ್ಡ್ ಪ್ರತಿಷ್ಠಾನದವರ ಮಾರ್ಗ ಮೂರನೆಯದು, ವಿಚಾರಣೀಯವಾದುದು. ಅವರು ಮುಚ್ಚಳಿಕೆಗಿಂತ ಆಯ್ಕೆಯನ್ನು ನಂಬಿದರು. ಹಿಂದುಳಿದವರು ಯಾರೆಂಬುದನ್ನು ನ್ಯೂಯಾರ್ಕಿನಲ್ಲಿ ಕುಳಿತು ತೀರ್ಮಾನಿಸದೆ ಆಯಾ ದೇಶದವರಿಗೇ ಬಿಟ್ಟರು: ಮೆಕ್ಸಿಕೋದಲ್ಲಿ ಮೂಲನಿವಾಸಿಗಳು, ಬ್ರೆಜಿಲಿನಲ್ಲಿ ಮುಖ್ಯವಾಗಿ ಕಪ್ಪು ಜನರು ಮತ್ತು ಮೂಲನಿವಾಸಿಗಳು. ವಯಸ್ಸಿನ ಮಿತಿಯನ್ನು ಇಡಲಿಲ್ಲ. ಅಂಕಗಳ ಜೊತೆಗೆ, ಅಭ್ಯರ್ಥಿಯು ತನ್ನ ಜನರ ನಡುವೆ ಅದುವರೆಗೆ ಏನು ಮಾಡಿದ್ದಾನೆ ಎಂಬುದನ್ನು ತೂಗಿ ನೋಡಿದರು. ಇಂಗ್ಲಿಷ್ ಬಾರದವರಿಗೆ ಹೊರಡುವ ಮೊದಲೇ ಭಾಷೆಯ, ಕಂಪ್ಯೂಟರಿನ ತರಬೇತಿ ಕೊಟ್ಟರು. ಆಯ್ಕೆಯಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಹಿಳೆಯರು. ಕಾರ್ಯಕ್ರಮ ಮುಗಿಯುವ ವೇಳೆಗೆ ವ್ಯಾಸಂಗ ಮುಗಿಸಿದವರಲ್ಲಿ ಶೇಕಡ 80ಕ್ಕೂ ಹೆಚ್ಚು ಮಂದಿ ಸ್ವದೇಶದಲ್ಲೇ ಇದ್ದರು. ಕಾರಣ ಗೂಢವಾದುದಲ್ಲ. ಹತ್ತು ವರ್ಷ ಹಳ್ಳಿಯ ಶಾಲೆಯಲ್ಲೋ ಆರೋಗ್ಯ ಕೇಂದ್ರದಲ್ಲೋ ದುಡಿದು ಮೂವತ್ತು ದಾಟಿದ ಮೇಲೆ ಓದಲು ಹೊರಟವನಿಗೆ ಮರಳುವ ಜಾಗ ಹೊರಡುವ ಮೊದಲೇ ಇರುತ್ತದೆ. ಬೇರುಳ್ಳ ಗಿಡಕ್ಕೆ ಹಗ್ಗ ಕಟ್ಟಬೇಕಾಗಿಲ್ಲ.

ಈ ಆಯ್ಕೆಗಳಲ್ಲಿ ಒಂದು ನೋವಿನ ಅಂಶವೂ ಇದೆ. ಅಭ್ಯರ್ಥಿಯು ತನ್ನ ಬಡತನವನ್ನು, ತಾಯಿಯ ಕೂಲಿಯನ್ನು, ಶಾಲೆಯಲ್ಲಿ ಹೊರಗೆ ಕೂರಿಸಿದ್ದನ್ನು ಅರ್ಜಿಯ ಪುಟಗಳಲ್ಲಿ ಅಪರಿಚಿತರಿಗಾಗಿ ಬರೆಯಬೇಕು, ಚೆನ್ನಾಗಿಯೂ ಬರೆಯಬೇಕು. ಉಳ್ಳವರ ಮಕ್ಕಳು ಯಾವ ವಿಶ್ವವಿದ್ಯಾನಿಲಯಕ್ಕೂ ತಮ್ಮ ಮನೆಯ ಅಡುಗೆಕೋಣೆಯನ್ನು ತೆರೆದು ತೋರಿಸಬೇಕಾಗಿಲ್ಲ.

ಇಲ್ಲಿಯೇ ಈ ಪ್ರಶ್ನೆಯ ಮುಳ್ಳಿರುವುದು. ಅನುಕೂಲಸ್ಥರ ಮನೆಯ ಹುಡುಗನೊಬ್ಬ, ಜನರ ತೆರಿಗೆಯ ಹಣದಿಂದ ನಡೆಯುವ ತಾಂತ್ರಿಕ ಕಾಲೇಜಿನಲ್ಲಿ ಓದಿ, ತಂದೆ ಕೊಟ್ಟ ಹಣದಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿಯೇ ನೆಲೆಸಿದರೆ ಊರಿನವರು ಅವನನ್ನು ಸನ್ಮಾನಿಸುತ್ತಾರೆ. ಬಸದಿಯ ಜೀರ್ಣೋದ್ಧಾರಕ್ಕೆ ಅವನು ಕಳುಹಿಸಿದ ಹಣಕ್ಕಾಗಿ ಕಲ್ಲಿನಲ್ಲಿ ಹೆಸರು ಕೆತ್ತಿಸುತ್ತಾರೆ. ನೀನು ನಾಡಿಗೆ ಏನು ಮಾಡಿದೆ ಎಂದು ಅವನನ್ನು ಕೇಳುವವರಿಲ್ಲ. ಕೂಲಿಕಾರನ ಮಗ ವಿದ್ಯಾರ್ಥಿವೇತನದಿಂದ ಹೋಗಿ ಅಲ್ಲಿಯೇ ಉಳಿದರೆ ಅದು ಕೃತಘ್ನತೆ. ಒಬ್ಬನಿಗೆ ವಿದ್ಯೆ ತನ್ನ ಸುಖಕ್ಕಾಗಿ. ಇನ್ನೊಬ್ಬನಿಗೆ ಮಾತ್ರ ಲೋಕೋದ್ಧಾರಕ್ಕಾಗಿ. ಹಸಿದವನಿಗೆ ಅನ್ನವಿಕ್ಕುವಾಗ, ಉಂಡು ಶಕ್ತಿ ಬಂದ ಮೇಲೆ ಊರಿನ ಹಸಿದವರಿಗೆಲ್ಲ ನೀನೇ ಅಡುಗೆ ಮಾಡಬೇಕೆಂದು ಎಲೆಯ ಮುಂದೆ ಭಾಷೆ ತೆಗೆದುಕೊಳ್ಳುವುದು ಎಷ್ಟು ಸರಿ? ನಾಯಕನಾಗುವ ಭಾರವನ್ನು, ಹೊರಲು ಅಭ್ಯಾಸವಿರುವ ಹೆಗಲೆಂಬ ಕಾರಣಕ್ಕೇ ಅದೇ ಹೆಗಲ ಮೇಲೆ ಇಡುತ್ತಿರುವೆವೇನೋ ಎಂಬ ಸಂಶಯ ಬರುತ್ತದೆ.

ಕೊಟ್ಟವನಿಗೆ ಕೇಳುವ ಅಧಿಕಾರವಿದೆ, ಹಣ ಅವನದಲ್ಲವೇ, ಎಂದರೆ ಹಣದ ಮೂಲವನ್ನೂ ನೋಡಬೇಕಾಗುತ್ತದೆ. ಸೆಸಿಲ್ ರೋಡ್ಸ್ 1902ರಲ್ಲಿ ತೀರಿಕೊಂಡಾಗ ತನ್ನ ಉಯಿಲಿನಿಂದ ಆಕ್ಸ್‌ಫರ್ಡಿನ ಪ್ರಸಿದ್ಧ ವೇತನವನ್ನು ಸ್ಥಾಪಿಸಿದನು. ಲೋಕದ ಕಾರ್ಯಗಳಲ್ಲಿ ಮುಂದಾಳುಗಳಾಗುವವರನ್ನು ಆರಿಸಬೇಕೆಂಬುದು ಅವನ ಆಶಯ. ಹೆಂಗಸರಿಗೆ 1977ರವರೆಗೂ ಅದು ಸಿಕ್ಕಲಿಲ್ಲ. ಆ ಸಂಪತ್ತು ಬಂದುದು ದಕ್ಷಿಣ ಆಫ್ರಿಕದ ವಜ್ರದ ಗಣಿಗಳಿಂದ. ಕಿಂಬರ್ಲಿಯಲ್ಲಿ ಕಪ್ಪು ಕೂಲಿಗಾರರನ್ನು ಕರಾರು ಮುಗಿಯುವ ತನಕ ಬೇಲಿಯೊಳಗೆ ಕೂಡಿಹಾಕಿ ದುಡಿಸಿದ ಗಣಿಗಳವು. ಆ ಕೂಲಿಗಾರರ ಮೊಮ್ಮಗನೊಬ್ಬನಿಗೆ ಆ ಹಣದಿಂದ ವೇತನ ದೊರೆತರೆ, ಯಾರು ಯಾರಿಗೆ ಋಣಿ? 2000ದ ದಶಕದ ಆರಂಭದಲ್ಲಿ ನೆಲ್ಸನ್ ಮಂಡೇಲಾ ಅವರು ರೋಡ್ಸ್ ನಿಧಿಯ ಜೊತೆ ತಮ್ಮ ಹೆಸರನ್ನು ಸೇರಿಸಿ ಆಫ್ರಿಕದ ತರುಣರಿಗಾಗಿ ಹೊಸ ಪ್ರತಿಷ್ಠಾನವನ್ನು ಕಟ್ಟಲು ಒಪ್ಪಿದಾಗ ಹಲವರು ಆಶ್ಚರ್ಯಪಟ್ಟರು. ಅದರಲ್ಲಿ ಆಶ್ಚರ್ಯವೇನಿಲ್ಲ; ಬಾಕಿ ವಸೂಲಿಗೆ ಅದೂ ಒಂದು ಕ್ರಮ. ಬರೋಡಾದ ಖಜಾನೆಯೂ ಆಕಾಶದಿಂದ ತುಂಬಿದ್ದಲ್ಲ, ರೈತರ ಕಂದಾಯದಿಂದ ತುಂಬಿದ್ದು. ಅಸ್ಪೃಶ್ಯರ ಬೆವರು ಅದರಲ್ಲಿ ಇರಲಿಲ್ಲವೇ? ನ್ಯಾಯವಾಗಿ ಗಳಿಸಿದ ದ್ರವ್ಯವೇ ದಾನಕ್ಕೆ ಯೋಗ್ಯವೆಂದು ಹಿರಿಯರು ವಿಧಿಸಿದ್ದು ಸುಮ್ಮನೆ ಅಲ್ಲ. ಇನ್ನೊಬ್ಬರ ಪಾಲನ್ನು ಅವರಿಗೇ ಹಿಂದಿರುಗಿಸುವವನು ದಾನಿಯಲ್ಲ, ತಡವಾಗಿ ಸಲ್ಲಿಸಿದ ಸಾಲಗಾರ. ಅವನು ಷರತ್ತು ಹಾಕುವ ಸ್ಥಾನದಲ್ಲಿಲ್ಲ.

ಸರ್ಕಾರಗಳು ಕೊಡುವ ವೇತನಕ್ಕೆ ಈ ಮಾತು ಇನ್ನೂ ಚೆನ್ನಾಗಿ ಅನ್ವಯಿಸುತ್ತದೆ. ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿಯವರಿಗೂ, ಅಲೆಮಾರಿ ಬುಡಕಟ್ಟಿನವರಿಗೂ, ಭೂಹೀನ ಕೃಷಿಕಾರ್ಮಿಕರ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಮೀಸಲು. 2022ರಲ್ಲಿ ಅದರ ನಿಯಮಗಳನ್ನು ಬದಲಿಸಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಸಮಾಜವನ್ನು ಕುರಿತ ವಿಷಯಗಳನ್ನು ಈ ಹಣದಿಂದ ಹೊರಗೆ ಅಭ್ಯಸಿಸಕೂಡದೆಂದು ವಿಧಿಸಲಾಯಿತು. ಅಂಥ ವಿಷಯಗಳಿಗೆ ದೇಶದಲ್ಲೇ ಅನುಕೂಲಗಳಿವೆಯೆಂಬ ವಾದಕ್ಕೆ ಅರ್ಥವಿಲ್ಲವೆನ್ನಲಾಗದು. ಆದರೆ 1916ರಲ್ಲಿ ಬರೋಡಾದ ಹಣದಿಂದ ನ್ಯೂಯಾರ್ಕಿನಲ್ಲಿ ಓದುತ್ತಿದ್ದ ತರುಣನು ಅಲ್ಲಿ ಮಂಡಿಸಿದ ವಿಷಯ ಯಾವುದೆಂಬುದನ್ನು ವಾಚಕರು ನೆನೆಯಬೇಕು. ಅರಸನೊಬ್ಬನು ಹಾಕದ ಬೇಲಿಯನ್ನು ಪ್ರಜಾಪ್ರಭುತ್ವ ಹಾಕಿತು.

ಹಾಗಾದರೆ ವಿದ್ಯೆ ಪಡೆದವನಿಗೆ ಯಾವ ಋಣವೂ ಇಲ್ಲವೇ? ಇದೆ, ಮತ್ತು ಅದನ್ನು ಕೇಳುವ ಅಧಿಕಾರವೂ ಕೆಲವರಿಗೆ ಇದೆ. ಅಂಬೇಡ್ಕರರ ಜೀವನದ ಉತ್ತರಾರ್ಧವೇ ಅದಕ್ಕೆ ಸಾಕ್ಷಿ. ಬರೋಡಾ ಬಿಟ್ಟ ಮೇಲೆ ಅವರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಹಣ ಕೂಡಿಟ್ಟರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಿತ್ತರು. ಕಡಿಮೆಬಿದ್ದ ಐದು ಸಾವಿರ ರೂಪಾಯಿಗಳನ್ನು ಸಾಲವಾಗಿ ಕೊಟ್ಟವರು ನವಲ್ ಭಥೇನಾ ಎಂಬ ಮಿತ್ರರು. ಅವರೂ ಪಾರಸಿಯೇ, ಬರೋಡಾದ ದೊಣ್ಣೆಗಳನ್ನು ನೆನಪಿಟ್ಟವರು ಇದನ್ನೂ ನೆನಪಿಡುವುದು ನ್ಯಾಯ. 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಅರ್ಧಕ್ಕೆ ನಿಂತ ವ್ಯಾಸಂಗವನ್ನು ಮುಗಿಸಿ, 1923ರಲ್ಲಿ ರೂಪಾಯಿಯ ಸಮಸ್ಯೆಯನ್ನು ಕುರಿತ ಗ್ರಂಥಕ್ಕೆ ಡಿ.ಎಸ್‌ಸಿ. ಪಡೆದರು. ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದರು. ಬರೋಡಾದ ಖಾತೆಗೆ ಆ ದುಡಿಮೆಯಲ್ಲಿ ಒಂದು ದಿನವೂ ಜಮೆಯಾಗಲಿಲ್ಲ. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿಯನ್ನು ಸ್ಥಾಪಿಸಿದರು, 1946ರಲ್ಲಿ ಮುಂಬಯಿಯ ಸಿದ್ಧಾರ್ಥ ಕಾಲೇಜನ್ನು ತೆರೆದರು. ತಮ್ಮ ಜನರ ಮಕ್ಕಳು ಓದಲೆಂದು ಸರ್ಕಾರದ ವೇತನಗಳಿಗಾಗಿ ವೈಸರಾಯರವರೆಗೆ ಹೋಗಿ ವಾದಿಸಿದರು.

1956ರ ಮಾರ್ಚ್ 18ರಂದು, ಮರಣಕ್ಕೆ ಒಂಬತ್ತು ತಿಂಗಳ ಮುಂಚೆ, ಅವರು ಆಗ್ರಾದಲ್ಲಿ ದೊಡ್ಡ ಸಭೆಯನ್ನುದ್ದೇಶಿಸಿ ಮಾತನಾಡಿದರು. ಓದಿ ಮೇಲೆ ಬಂದವರು ಸಮಾಜಕ್ಕೆ ನೆರವಾಗುವರೆಂದು ನಂಬಿದ್ದೆ, ಅವರು ಗುಮಾಸ್ತರಾಗಿ ತಮ್ಮ ಹೊಟ್ಟೆ ಹೊರೆಯುವುದರಲ್ಲೇ ಉಳಿದರು ಎಂಬ ಅರ್ಥದ ಸಂಕಟವನ್ನು ಅಂದು ತೋಡಿಕೊಂಡರೆಂದು ಅವರ ಜನರು ಇಂದಿಗೂ ಹೇಳಿಕೊಳ್ಳುತ್ತಾರೆ. ಸ್ವತಃ ಮುಚ್ಚಳಿಕೆಯಿಂದ ಹೊರಬಂದವರು ಇನ್ನೊಬ್ಬರನ್ನು ಹೀಗೆ ಕೇಳಬಹುದೇ? ಮೇಲುನೋಟಕ್ಕೆ ವಿರೋಧವೆನಿಸುತ್ತದೆ. ಆದರೆ ಅವರು ಕೇಳಿದ್ದು ಹಣ ಕೊಟ್ಟವರ ಪರವಾಗಿ ಅಲ್ಲ, ಸಂಸ್ಥಾನದ ಪರವಾಗಿಯೂ ಅಲ್ಲ. ಆ ಸಭೆಯಲ್ಲಿ ನೆಲದ ಮೇಲೆ ಕುಳಿತು ಕೇಳುತ್ತಿದ್ದ, ಹಳ್ಳಿಗಳಲ್ಲಿ ಉಳಿದುಹೋದ ಭೂಹೀನರ ಪರವಾಗಿ ಕೇಳಿದರು. ಅವರಿಗೆ ತುಂಡು ಭೂಮಿಯಾದರೂ ಸಿಕ್ಕಬೇಕೆಂಬುದೇ ಅಂದಿನ ಅವರ ಚಿಂತೆ. ಗುಮಾಸ್ತರಾದವರ ಮಾತನ್ನೂ ಕೇಳಬೇಕು. ತಲೆಮಾರುಗಳ ನಂತರ ಮೊದಲ ಬಾರಿಗೆ ತಿಂಗಳ ಸಂಬಳ ಕಂಡ ಮನೆಗಳವು, ತಂಗಿಯರ ಮದುವೆ, ತಂದೆಯ ಔಷಧ, ತಮ್ಮಂದಿರ ಫೀಜು ಎಲ್ಲವೂ ಆ ಒಂದು ಸಂಬಳದಲ್ಲಿ. ಅಂಬೇಡ್ಕರರಿಗೆ ಅದು ತಿಳಿಯದ್ದಲ್ಲ. ಅವರ ಸಂಸಾರವೂ ಮುಂಬಯಿಯ ಚಾಳಿನಲ್ಲಿ ಒಂದು ಹೊತ್ತಿನ ರೊಟ್ಟಿಗೆ ಲೆಕ್ಕ ಹಾಕಿ ಬದುಕಿತ್ತು, ಅವರು ಲಂಡನ್ನಿನಲ್ಲಿ ಓದುತ್ತಿದ್ದಾಗ.